ಮಾತು ಮುಟ್ಟಬೇಕು: ಕಿವಿ ಮಂದವಾದ ಹಿರಿಯರೊಡನೆ ಸಂವಾದ

ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಹೇಳಲು ಆರಿಸಿಕೊಂಡ ರೂಪಕ್ಕೆ ವಚನ ಎಂದು ಹೆಸರು. ವಚನವೆಂದರೆ ಆಡಿದ ಮಾತು. ಪಂಡಿತರಿಗಷ್ಟೇ ತಿಳಿಯುವ ಭಾಷೆಯನ್ನು ಬದಿಗಿಟ್ಟು, ಎದುರಿಗೆ ಕುಳಿತ ಒಕ್ಕಲಿಗನಿಗೂ ನೇಕಾರನಿಗೂ ಅಂಬಿಗನಿಗೂ ತಿಳಿಯುವ ಕನ್ನಡದಲ್ಲಿ ಅವರು ಮಾತನಾಡಿದರು. ಅನುಭವ ಮಂಟಪದಲ್ಲಿ ಬೇರೆಬೇರೆ ಕಾಯಕದವರು ಕೂಡಿ ಕುಳಿತು ಆಡಿದರು, ಕೇಳಿದರು. ಇದರ ಹಿಂದೆ ಒಂದು ಆಳವಾದ ತಿಳಿವಳಿಕೆಯಿದೆ. ಮಾತು ಆಡಿದವನ ಬಾಯಿಯಲ್ಲಿ ಪೂರ್ಣವಾಗುವುದಿಲ್ಲ. ಕೇಳಿದವನ ಮನಸ್ಸನ್ನು ಮುಟ್ಟಿದಾಗ ಪೂರ್ಣವಾಗುತ್ತದೆ. ಹಾಗೆ ಮುಟ್ಟಿಸುವ ಹೊಣೆಯಲ್ಲಿ ದೊಡ್ಡ ಪಾಲು ಆಡುವವನದು.

ಆರೋಗ್ಯದ ಅಂಕಣದಲ್ಲಿ ಈ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಮನೆಗಳಲ್ಲಿ ಮಾತು ಮುಟ್ಟದೆ ಹೋಗುವುದರಿಂದ ನಿಜವಾಗಿಯೂ ಆರೋಗ್ಯ ಕೆಡುವ ಒಂದು ಸಂದರ್ಭವಿದೆ. ಅದು ವಯಸ್ಸಾದವರ ಕಿವಿ ಮಂದವಾಗುವ ಸಂದರ್ಭ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 60 ವರ್ಷ ದಾಟಿದವರಲ್ಲಿ ಶೇಕಡಾ 25ಕ್ಕಿಂತ ಹೆಚ್ಚು ಜನರಿಗೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿರುತ್ತದೆ. ಕಣ್ಣು ಮಂಜಾದರೆ ಕನ್ನಡಕ ಕೊಡಿಸುತ್ತೇವೆ, ಮೊಣಕಾಲು ನೋವೆಂದರೆ ಎಣ್ಣೆ ಹಚ್ಚುತ್ತೇವೆ. ಕಿವಿ ಕೇಳಿಸದಿದ್ದರೆ ಮಾತ್ರ ಬಹಳಷ್ಟು ಮನೆಗಳಲ್ಲಿ ಮೊದಲು ನಗು, ಆಮೇಲೆ ಸಿಡುಕು, ಕೊನೆಗೆ ಮೌನ.

ಒಂದು ಮನೆಯ ಸಂಜೆ

ಹಲವು ಮನೆಗಳಲ್ಲಿ ಕಾಣುವ ದೃಶ್ಯವೊಂದನ್ನು ನೆನೆಯೋಣ. ಪಡಸಾಲೆಯಲ್ಲಿ ಟಿ.ವಿ. ನಡೆಯುತ್ತಿದೆ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕುತ್ತಿದೆ. ಸೊಸೆ ಒಲೆಯ ಮುಂದಿನಿಂದಲೇ, "ಅತ್ತೆ, ಹಾಲು ಬಿಸಿಯಾಗಿದೆ, ಈಗ ಬೇಕೇ?" ಎಂದು ಕೇಳುತ್ತಾಳೆ. ಅತ್ತೆ, "ಕಾಲು ಈಗ ಪರವಾಗಿಲ್ಲ ಕಣಮ್ಮ" ಎನ್ನುತ್ತಾರೆ. ಮೊಮ್ಮಕ್ಕಳು ಗೊಳ್ಳೆಂದು ನಗುತ್ತಾರೆ. ಅತ್ತೆಗೆ ನಗು ಕಾಣಿಸುತ್ತದೆ, ಅದರ ಕಾರಣ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗ ಬಂದು ತಾಯಿಯ ಪಕ್ಕದಲ್ಲಿ ಕುಳಿತು, ಎಂದಿನ ದನಿಯಲ್ಲಿ ಕ್ಷೇಮ ವಿಚಾರಿಸುತ್ತಾನೆ. ತಾಯಿ ಎಲ್ಲಕ್ಕೂ ಸರಿಯಾಗಿ ಉತ್ತರಿಸುತ್ತಾರೆ. ಅಡುಗೆಮನೆಯಿಂದ ಇದನ್ನು ಕಂಡ ಸೊಸೆಯ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚುತ್ತದೆ: "ಮಗನ ಮಾತಾದರೆ ಕೇಳಿಸುತ್ತದೆ, ನನ್ನದಾದರೆ ಕೇಳಿಸುವುದಿಲ್ಲ."

ಇಲ್ಲಿ ಯಾರೂ ನಟಿಸುತ್ತಿಲ್ಲ. ಸೊಸೆ ಪ್ರೀತಿಯಿಂದಲೇ ಕೇಳಿದಳು; ಅತ್ತೆ ತಮಗೆ ಕೇಳಿಸಿದ್ದಕ್ಕೇ ಉತ್ತರ ಕೊಟ್ಟರು. ಇಬ್ಬರ ನಡುವೆ ಮಾತು ದಾರಿಯಲ್ಲಿ ಒಡೆದುಹೋಯಿತು. ಅದು ಹೇಗೆ ಒಡೆಯಿತೆಂದು ತಿಳಿದರೆ ಮುಳ್ಳು ತಾನಾಗಿಯೇ ಸಡಿಲವಾಗುತ್ತದೆ.

ಕಿವಿಯೊಳಗೆ ನಡೆಯುವುದೇನು

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಪುಟ್ಟ ಅಂಗವಿದೆ. ಅದರೊಳಗೆ ಪ್ರತಿ ಕಿವಿಗೆ ಸುಮಾರು 15,000ದಷ್ಟು ಸೂಕ್ಷ್ಮ ಕೂದಲುಕೋಶಗಳಿರುತ್ತವೆ. ಹೊರಗಿನ ಶಬ್ದ ಕಿವಿತಮಟೆಯನ್ನು ಬಡಿದು, ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿನ ದ್ರವವನ್ನು ಅಲುಗಿಸಿದಾಗ ಈ ಕೋಶಗಳು ಬಾಗುತ್ತವೆ. ಆ ಬಾಗುವಿಕೆಯೇ ನರದ ಸಂಕೇತವಾಗಿ ಮಿದುಳನ್ನು ಸೇರುತ್ತದೆ. ಮನುಷ್ಯರಲ್ಲಿ ಒಮ್ಮೆ ನಾಶವಾದ ಕೂದಲುಕೋಶ ಮತ್ತೆ ಹುಟ್ಟುವುದಿಲ್ಲ. ವಯಸ್ಸು, ವರ್ಷಗಟ್ಟಲೆ ಕೇಳಿದ ದೊಡ್ಡ ಸದ್ದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೆಲವು ಔಷಧಗಳು, ವಂಶದ ಗುಣ, ಇವೆಲ್ಲ ಸೇರಿ ಆ ಕೋಶಗಳನ್ನು ಸವೆಸುತ್ತವೆ.

ಸವೆತ ಎಲ್ಲ ಕಡೆ ಸಮನಾಗಿ ಆಗುವುದಿಲ್ಲ. ಸುರುಳಿಯ ಬಾಗಿಲ ಬಳಿ ಇರುವ ಕೋಶಗಳು ತಾರಕ ಸ್ವರಗಳನ್ನು, ಅಂದರೆ ಕೀರಲು ಶಬ್ದಗಳನ್ನು ಗ್ರಹಿಸುತ್ತವೆ. ತುದಿಯ ಕೋಶಗಳು ಮಂದ್ರ ಸ್ವರಗಳನ್ನು ಗ್ರಹಿಸುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಬಳಿಯವು. ಹೀಗಾಗಿ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಬಾಗಿಲು ಬಡಿದದ್ದು, ಬಸ್ಸು ಹೋದದ್ದು, ಯಾರೋ ಮಾತನಾಡಿದ್ದು ಎಲ್ಲವೂ ಗೊತ್ತಾಗುತ್ತದೆ. ಏನು ಹೇಳಿದರು ಎಂಬುದು ಮಾತ್ರ ಮಸುಕು.

ಕನ್ನಡದ ಉದಾಹರಣೆಯಿಂದಲೇ ಇದನ್ನು ಅರಿಯಬಹುದು. ನಮ್ಮ ಮಾತಿನಲ್ಲಿ ಆ, ಉ, ಒ ಮುಂತಾದ ಸ್ವರಗಳಿಗೆ ಬಲ ಹೆಚ್ಚು. ಸ, ಶ, ತ, ಕ, ಪ, ಹ ಮುಂತಾದ ವ್ಯಂಜನಗಳಿಗೆ ಬಲ ಕಡಿಮೆ, ಅವುಗಳಲ್ಲಿ ಹಲವು ತಾರಕದ ಕಡೆಗಿರುವಂಥವು. ಆದರೆ ಅರ್ಥವನ್ನು ಬೇರ್ಪಡಿಸುವುದು ಬಹುಮಟ್ಟಿಗೆ ಈ ವ್ಯಂಜನಗಳೇ. ಹಾಲು, ಕಾಲು, ಸಾಲು, ಪಾಲು, ಈ ನಾಲ್ಕು ಪದಗಳಲ್ಲಿ ಮೊದಲ ವ್ಯಂಜನವನ್ನು ಅಳಿಸಿಬಿಟ್ಟರೆ ಉಳಿಯುವುದು 'ಆಲು' ಎಂಬ ಒಂದೇ ಸದ್ದು. ಅತ್ತೆಯ ಕಿವಿಗೆ ಬಂದದ್ದು ಅದೇ. ಉಳಿದದ್ದನ್ನು ಅವರ ಮಿದುಳು ಊಹೆಯಿಂದ ತುಂಬಿಕೊಂಡಿತು. ಕಾಲುನೋವಿನ ಚಿಂತೆಯಲ್ಲಿದ್ದ ಮನಸ್ಸು 'ಕಾಲು' ಎಂದು ತುಂಬಿಕೊಂಡದ್ದರಲ್ಲಿ ಅಚ್ಚರಿಯೇನಿದೆ?

"ಬೇಕಾದದ್ದು ಮಾತ್ರ ಕೇಳಿಸುತ್ತದೆ" ಎಂಬ ಆರೋಪ

ಹಿರಿಯರ ಮೇಲೆ ಹೊರಿಸುವ ಆರೋಪಗಳಲ್ಲಿ ಇದಕ್ಕಿಂತ ನೋವಿನದು ಇನ್ನೊಂದಿಲ್ಲ. ಮೇಲಿನ ವಿವರಣೆಯನ್ನು ನೆನಪಿನಲ್ಲಿಟ್ಟರೆ ಇದಕ್ಕೆ ಉತ್ತರ ಸಿಗುತ್ತದೆ. ಹೆಂಗಸರ ಮತ್ತು ಮಕ್ಕಳ ದನಿ ಸಾಮಾನ್ಯವಾಗಿ ಗಂಡಸರ ದನಿಗಿಂತ ತಾರಕದಲ್ಲಿರುತ್ತದೆ. ಆದುದರಿಂದ ಮಗನ ಮಾತು ತಿಳಿದು ಸೊಸೆಯ, ಮೊಮ್ಮಗಳ ಮಾತು ತಿಳಿಯದಿರುವುದು ಪಕ್ಷಪಾತವಲ್ಲ. ಅದರ ಮೇಲೆ ಸೊಸೆ ಮಾತನಾಡಿದ್ದು ಗೋಡೆಯ ಆಚೆಯಿಂದ, ಕುಕ್ಕರಿನ ಸದ್ದಿನ ನಡುವೆ. ಮಗ ಮಾತನಾಡಿದ್ದು ಎರಡು ಮೊಳ ದೂರದಿಂದ, ಮುಖ ತೋರಿಸಿ. ಸದ್ದು ದೂರ ಸಾಗಿದಂತೆ ಬೇಗ ಕ್ಷೀಣಿಸುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದಿನ ಮಟ್ಟ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಮನೆಯೊಳಗೆ ಗೋಡೆಗಳಿಂದ ಮರುದನಿಯೂ ಸೇರಿಕೊಂಡು ಮಾತು ಕಲಸಿಹೋಗುತ್ತದೆ.

ಬೆಳಿಗ್ಗೆ ಕೇಳಿಸಿದವರಿಗೆ ಸಂಜೆ ಕೇಳಿಸದಿರುವುದೂ ಉಂಟು. ಮಂದವಾದ ಕಿವಿಯಿಂದ ಮಾತನ್ನು ಹಿಡಿಯುವುದೆಂದರೆ ಅಕ್ಷರ ಅಳಿಸಿದ ಶಾಸನವನ್ನು ಓದಿದಂತೆ; ಪ್ರತಿ ವಾಕ್ಯಕ್ಕೂ ಮಿದುಳು ಊಹಿಸಬೇಕು, ಹೊಂದಿಸಬೇಕು, ಸರಿನೋಡಬೇಕು. ಸಂಜೆಯ ಹೊತ್ತಿಗೆ ಅದು ದಣಿಯುತ್ತದೆ. ದಣಿದವರು ಕೇಳುವುದನ್ನೇ ಬಿಟ್ಟು ಕುಳಿತರೆ ಅದನ್ನು ಅಲಕ್ಷ್ಯವೆಂದು ನಾವು ತಿಳಿಯಬಾರದು.

ಕೂಗಿದರೆ ಏಕೆ ತಿಳಿಯುವುದಿಲ್ಲ

ಕೇಳಿಸದಿದ್ದರೆ ನಾವು ಮೊದಲು ಮಾಡುವುದು ದನಿ ಏರಿಸುವುದು. "ಜೋರಾಗಿ ಹೇಳು" ಎಂದವರೇ ಮರುಕ್ಷಣ "ಯಾಕೆ ಹಾಗೆ ಕಿರಚುತ್ತೀ?" ಎಂದಾಗ ನಮಗೆ ರೇಗುತ್ತದೆ. ಇದಕ್ಕೂ ದೇಹದ ಕಾರಣವಿದೆ. ಒಳಗಿವಿಯ ಕೋಶಗಳು ಸವೆದಾಗ ಮೆಲ್ಲನೆಯ ಸದ್ದು ಕೇಳಿಸುವುದಿಲ್ಲ, ಆದರೆ ದೊಡ್ಡ ಸದ್ದನ್ನು ತಡೆದುಕೊಳ್ಳುವ ಮಿತಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಹೀಗಾಗಿ ಕೇಳಿಸದ ಸದ್ದಿಗೂ ನೋವು ಕೊಡುವ ಸದ್ದಿಗೂ ನಡುವಿನ ಅಂತರ ಕಿರಿದಾಗುತ್ತದೆ. ಒಂದು ಹೆಜ್ಜೆ ಹಿಂದಿದ್ದರೆ ಕೇಳಿಸದು, ಒಂದು ಹೆಜ್ಜೆ ಮುಂದಿಟ್ಟರೆ ಚುಚ್ಚುವುದು.

ಕೂಗಿದಾಗ ಬಲ ಪಡೆಯುವುದು ಸ್ವರಗಳು; ಸ, ತ, ಕಗಳಂಥ ವ್ಯಂಜನಗಳಿಗೆ ಅಷ್ಟು ಬಲ ಬರುವುದಿಲ್ಲ. ಅಂದರೆ ಈಗಾಗಲೇ ಕೇಳಿಸುತ್ತಿದ್ದ 'ಆಲು' ಇನ್ನಷ್ಟು ದೊಡ್ಡದಾಗುತ್ತದೆ, ಬೇಕಾಗಿದ್ದ 'ಹ' ಮತ್ತೆ ಕಳೆದುಹೋಗುತ್ತದೆ. ಬಾಯಿಯ ಆಕಾರವೂ ವಿಕಾರಗೊಂಡು ತುಟಿಚಲನೆಯಿಂದ ದೊರೆಯುತ್ತಿದ್ದ ಸುಳಿವು ಕೆಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೂಗುವ ಮುಖ ಸಿಟ್ಟಿನ ಮುಖದಂತೆಯೇ ಕಾಣುತ್ತದೆ. ಮಾತು ಕೇಳಿಸದ ಹಿರಿಯರಿಗೆ ಆ ಮುಖವಷ್ಟೇ ಮುಟ್ಟುತ್ತದೆ.

ಹಾಗಾದರೆ ದಾರಿ ಯಾವುದು? ದನಿಯನ್ನು ಅತಿಯಾಗಿ ಏರಿಸದೆ ಉಚ್ಚಾರವನ್ನು ತಿಳಿಗೊಳಿಸುವುದು. 1985ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಮೈಕೆಲ್ ಪಿಚೆನಿ ಮತ್ತು ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಶ್ರವಣದೋಷವಿರುವವರಿಗೆ ಒಂದೇ ಬಗೆಯ ವಾಕ್ಯಗಳನ್ನು ಮಾಮೂಲಿ ಧಾಟಿಯಲ್ಲಿಯೂ, ತಿಳಿಯಾದ ನಿಧಾನದ ಉಚ್ಚಾರದಲ್ಲಿಯೂ ಕೇಳಿಸಿದಾಗ, ಎರಡನೆಯ ಬಗೆಯಲ್ಲಿ ಸರಿಯಾಗಿ ತಿಳಿದ ಪದಗಳ ಪ್ರಮಾಣ ಸರಾಸರಿ 17 ಶೇಕಡಾಂಶಗಳಷ್ಟು ಹೆಚ್ಚಿತು. ಯಾವ ಔಷಧವಿಲ್ಲದೆ, ಖರ್ಚಿಲ್ಲದೆ, ಆಡುವವರು ಎಚ್ಚರ ವಹಿಸಿದ್ದರಿಂದಲೇ ದೊರೆತ ಲಾಭವಿದು.

ಮಾತು ಮುಟ್ಟಿಸುವ ಬಗೆ

ಈ ಕೌಶಲವನ್ನು ಯಾರು ಬೇಕಾದರೂ ಕಲಿಯಬಹುದು. ಮೊದಲ ಕೆಲವು ದಿನ ನೆನಪಿಟ್ಟು ಮಾಡಬೇಕು, ಅನಂತರ ಅಭ್ಯಾಸವಾಗುತ್ತದೆ.

ಮೊದಲನೆಯದು, ಗಮನ ಸೆಳೆದ ಮೇಲೆ ಮಾತು. "ಅಪ್ಪಾ" ಎಂದು ಕರೆದು, ಬೇಕಿದ್ದರೆ ತೋಳನ್ನು ಮೆಲ್ಲನೆ ಮುಟ್ಟಿ, ಅವರು ನಮ್ಮತ್ತ ತಿರುಗಿದ ಮೇಲೆ ವಿಷಯ ತೆಗೆಯಬೇಕು. ಕರೆಯದೆ ಆಡಿದ ವಾಕ್ಯದ ಮೊದಲರ್ಧ ಯಾವಾಗಲೂ ಕಳೆದುಹೋಗುತ್ತದೆ. ಹಿಂದಿನಿಂದ ಹೋಗಿ ಥಟ್ಟನೆ ಮುಟ್ಟಬಾರದು, ಅವರು ಬೆಚ್ಚಿಬೀಳುತ್ತಾರೆ.

ಎರಡನೆಯದು, ಮುಖ ಮತ್ತು ಬೆಳಕು. ಎದುರಿಗೆ, ಒಂದು ಮೀಟರಿನಷ್ಟು ಹತ್ತಿರದಲ್ಲಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತು ಮಾತನಾಡಬೇಕು. ಬೆಳಕು ನಮ್ಮ ಮುಖದ ಮೇಲೆ ಬೀಳುವಂತಿರಬೇಕು. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕತ್ತಲಾಗುತ್ತದೆ. ಕನ್ನಡದಲ್ಲಿ 'ಮೂರು' ಮತ್ತು 'ನೂರು' ಕಿವಿಗೆ ಬಹಳ ಹತ್ತಿರದ ಪದಗಳು. ಆದರೆ 'ಮ' ಎನ್ನುವಾಗ ತುಟಿಗಳು ಮುಚ್ಚುತ್ತವೆ, 'ನ' ಎನ್ನುವಾಗ ಮುಚ್ಚುವುದಿಲ್ಲ. ಕಿವಿ ಬಿಟ್ಟದ್ದನ್ನು ಕಣ್ಣು ಹಿಡಿಯುತ್ತದೆ. ಬಾಯಿಯಲ್ಲಿ ಎಲೆಯಡಿಕೆ ಇಟ್ಟುಕೊಂಡು, ಕೈ ಅಡ್ಡ ಹಿಡಿದು, ಮೊಬೈಲ್ ನೋಡುತ್ತ ಆಡಿದ ಮಾತಿಗೆ ಈ ನೆರವು ದೊರೆಯದು.

ಮೂರನೆಯದು, ಸದ್ದನ್ನು ತಗ್ಗಿಸುವುದು. ನಮ್ಮ ದನಿ ಏರಿಸುವ ಮುನ್ನ ಟಿ.ವಿ.ಯ ದನಿ ಇಳಿಸಬೇಕು, ಮಿಕ್ಸರ್ ನಿಲ್ಲಿಸಬೇಕು. ಎತ್ತರದ ಛಾವಣಿ, ಕಲ್ಲುಹಾಸಿನ ನೆಲವಿರುವ ಮನೆಗಳಲ್ಲಿ ಮರುದನಿ ಹೆಚ್ಚು. ಚಾಪೆ, ಜಮಖಾನ, ದಪ್ಪ ಪರದೆ ಇದ್ದ ಕೋಣೆಯಲ್ಲಿ ಮಾತು ತಿಳಿಯಾಗಿ ಕೇಳಿಸುತ್ತದೆ.

ನಾಲ್ಕನೆಯದು, ವಾಕ್ಯದ ನಡೆ. ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದು ವಿಷಯ, ವಾಕ್ಯಗಳ ನಡುವೆ ಉಸಿರಿನಷ್ಟು ಬಿಡುವು. ಪದಗಳನ್ನು ಒಂದೊಂದಾಗಿ ಕತ್ತರಿಸಿ ಎಳೆಯಬೇಕಾಗಿಲ್ಲ. ಹಾಗೆ ಮಾಡಿದರೆ ಮಗುವಿಗೆ ಹೇಳಿದಂತಾಗಿ ಹಿರಿಯರ ಮಾನಕ್ಕೆ ಪೆಟ್ಟಾಗುತ್ತದೆ. ಅವರ ಕಿವಿ ಮಂದವಾಗಿದೆಯೇ ಹೊರತು ಬುದ್ಧಿ ಮಂದವಾಗಿಲ್ಲ.

ಐದನೆಯದು, ವಿಷಯವನ್ನು ಮೊದಲು ಹೇಳುವುದು. "ಮದುವೆಯ ವಿಚಾರ ಮಾತನಾಡುತ್ತಿದ್ದೇವೆ" ಎಂದು ಮೊದಲು ತಿಳಿಸಿದರೆ ಮಿದುಳಿಗೆ ಊಹೆಯ ದಾರಿ ತೆರೆಯುತ್ತದೆ. ವಿಷಯ ಬದಲಾದಾಗಲೂ ಒಂದು ಮಾತು ಹೇಳಬೇಕು.

ಆರನೆಯದು, ಪದ ಬದಲಿಸುವುದು. ಒಂದು ಸಲ ಅದೇ ವಾಕ್ಯವನ್ನು ಮತ್ತೆ ಹೇಳಬಹುದು. ಆಗಲೂ ತಿಳಿಯದಿದ್ದರೆ ಬೇರೆ ಪದಗಳಲ್ಲಿ ಹೇಳಬೇಕು. "ಹಾಲು ಬೇಕೇ?" ತಿಳಿಯದಿದ್ದರೆ "ಕುಡಿಯುವುದಕ್ಕೆ ಬಿಸಿ ಹಾಲು ತರಲೇ?" ಎನ್ನಬೇಕು. 'ಕುಡಿಯುವುದು', 'ಬಿಸಿ' ಎಂಬ ಪದಗಳು ಬಂದಕೂಡಲೇ 'ಹಾಲು' ತಾನಾಗಿಯೇ ಹೊಳೆಯುತ್ತದೆ. ಬಟ್ಟಲನ್ನು ಎತ್ತಿ ತೋರಿಸಿದರೆ ಇನ್ನೂ ಒಳ್ಳೆಯದು.

ಏಳನೆಯದು, ಗುಂಪಿನಲ್ಲಿ ಸರದಿ. ಹಬ್ಬದ ದಿನ ಹತ್ತು ಜನ ಒಟ್ಟಿಗೆ ಮಾತನಾಡುವಾಗ ಕಿವಿ ಮಂದವಾದವರು ಪೂರ್ತಿ ಹೊರಗುಳಿಯುತ್ತಾರೆ. ಗೋಡೆಗೆ ಬೆನ್ನಾಗಿ, ಎಲ್ಲರ ಮುಖ ಕಾಣುವ ಜಾಗದಲ್ಲಿ ಅವರನ್ನು ಕೂರಿಸಬೇಕು. ಪಕ್ಕದಲ್ಲಿ ಒಬ್ಬರು ಕುಳಿತು ಆಗಾಗ ಮಾತಿನ ಸಾರವನ್ನು ತಿಳಿಸುತ್ತಿರಬೇಕು. ಮಠದ ಸಭೆಗಳಿಗೆ ಹಿರಿಯರನ್ನು ಕರೆತಂದಾಗ ವೇದಿಕೆಯ ಸಮೀಪ, ಧ್ವನಿವರ್ಧಕದ ಬಾಯಿಗೆ ನೇರವಾಗದಂತೆ ಕೂರಿಸುವುದು ಒಳ್ಳೆಯದು.

"ಏನಿಲ್ಲ ಬಿಡಿ"

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಬಿಡಬೇಕೆಂದು ಕೇಳಿಕೊಳ್ಳಬೇಕಾಗಿದೆ. ಮನೆಯವರೆಲ್ಲ ಏನೋ ಹೇಳಿ ನಕ್ಕಾಗ ತಾತ, "ಏನಂತೆ?" ಎನ್ನುತ್ತಾರೆ. ನಾವು, "ಏನಿಲ್ಲ ಬಿಡಿ" ಎನ್ನುತ್ತೇವೆ. ನಮ್ಮ ಲೆಕ್ಕದಲ್ಲಿ ಅದು ಸಮಯದ ಉಳಿತಾಯ. ಅವರ ಲೆಕ್ಕದಲ್ಲಿ ಅದು, 'ನಿಮಗೆ ಹೇಳುವಷ್ಟು ದೊಡ್ಡದಲ್ಲ' ಎಂಬ ತೀರ್ಪು. ದಿನಕ್ಕೆ ನಾಲ್ಕು ಸಲ ಈ ತೀರ್ಪು ಕೇಳಿದವರು ಒಂದು ತಿಂಗಳಾದ ಮೇಲೆ "ಏನಂತೆ?" ಎಂದು ಕೇಳುವುದನ್ನೇ ನಿಲ್ಲಿಸುತ್ತಾರೆ. ಮನೆಯಲ್ಲಿ ಶಾಂತಿ ನೆಲೆಸಿತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಒಬ್ಬರು ಮನೆಯೊಳಗಿದ್ದೇ ಮನೆಯಿಂದ ಹೊರಗೆ ಹೋಗಿರುತ್ತಾರೆ.

ಈ ಮೌನ ರೋಗಕ್ಕೆ ದಾರಿ ಮಾಡುತ್ತದೆ. ಕೇಳಿಸದಿರುವಿಕೆ ಒಂಟಿತನವನ್ನು, ಖಿನ್ನತೆಯನ್ನು ಹೆಚ್ಚಿಸುವುದೆಂದು ವೈದ್ಯಲೋಕ ಬಹುಕಾಲದಿಂದ ಬಲ್ಲುದು. ಮರೆಗುಳಿ ರೋಗವನ್ನು ಕುರಿತು ಲ್ಯಾನ್ಸೆಟ್ ವೈದ್ಯಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2017, 2020 ಮತ್ತು 2024ರ ಮೂರೂ ವರದಿಗಳಲ್ಲಿ, ನಾವು ತಿದ್ದಿಕೊಳ್ಳಬಹುದಾದ ಅಪಾಯಕಾರಣಗಳ ಪಟ್ಟಿಯಲ್ಲಿ ಶ್ರವಣದೋಷವನ್ನು ಸೇರಿಸಿದೆ. ಕಿವಿ ಮಂದವಾದವರಿಗೆಲ್ಲ ಮರೆವು ಬರುವುದೆಂದು ಇದರ ಅರ್ಥವಲ್ಲ. ಶ್ರವಣಸಾಧನ ಹಾಕಿದರೆ ಮರೆವು ಬಾರದೆಂಬ ಭರವಸೆಯೂ ಅಲ್ಲ. ಆದರೆ ಮಾತು, ನಗು, ವಾದ, ನೆನಪುಗಳ ಹಂಚಿಕೆ ಇವು ಮಿದುಳಿನ ನಿತ್ಯದ ವ್ಯಾಯಾಮ. ಅವನ್ನು ಕಸಿದುಕೊಳ್ಳುವ ಹಕ್ಕು ನಮಗಿಲ್ಲ. "ಏನಿಲ್ಲ ಬಿಡಿ" ಎನ್ನುವ ಜಾಗದಲ್ಲಿ "ಹೇಳುತ್ತೇನೆ ತಾಳಿ" ಎಂದು ಎರಡು ವಾಕ್ಯದಲ್ಲಿ ನಗೆಯ ಕಾರಣ ತಿಳಿಸಿದರೆ ಸಾಕು. ನಗು ತುಸು ತಡವಾಗಿ ಬಂದರೂ ಬರುತ್ತದೆ.

ಔಷಧದ ಮಾತು, ವೈದ್ಯರ ಕೋಣೆ

ತಪ್ಪು ಕೇಳಿಸಿಕೊಂಡರೆ ಕೆಲವೆಡೆ ನಗೆಯಷ್ಟೇ ಹುಟ್ಟುತ್ತದೆ; ಔಷಧದ ವಿಚಾರದಲ್ಲಿ ಪ್ರಾಣಕ್ಕೇ ಕುತ್ತು ಬರಬಹುದು. 'ಆರು ಗಂಟೆಗೆ' ಎಂದದ್ದು 'ಮೂರು ಗಂಟೆಗೆ' ಎಂದಾದರೆ, 'ಅರ್ಧ ಮಾತ್ರೆ' ಎಂದದ್ದರಲ್ಲಿ 'ಅರ್ಧ' ಕಳೆದುಹೋದರೆ ಪರಿಣಾಮವೇನೆಂದು ಯೋಚಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತಿಳಿಗೊಳಿಸುವ ಔಷಧಗಳಲ್ಲಿ ಇಂಥ ತಪ್ಪು ಅಪಾಯಕಾರಿ. ಆದುದರಿಂದ ಔಷಧದ ಸೂಚನೆಯನ್ನು ಬಾಯಿಮಾತಿನಲ್ಲಿ ಮಾತ್ರ ಬಿಡಬಾರದು. ದೊಡ್ಡ ಅಕ್ಷರದಲ್ಲಿ ಬರೆದು, ಊಟದ ಮುಂಚೆಯೋ ನಂತರವೋ ಎಂಬುದನ್ನು ಸೇರಿಸಿ, ಮಾತ್ರೆಯ ಡಬ್ಬಿಯ ಮೇಲೆ ಅಂಟಿಸಬೇಕು.

ಕಿವಿ ಮಂದವಾದವರಲ್ಲಿ ಬಹುತೇಕರು ಸಂಕೋಚದಿಂದ ತಲೆಯಾಡಿಸುತ್ತಾರೆ. ತಲೆಯಾಡಿಸಿದ ಮಾತ್ರಕ್ಕೆ ತಿಳಿಯಿತೆಂದು ನಂಬಬಾರದು. "ತಿಳಿಯಿತೇ?" ಎಂಬ ಪ್ರಶ್ನೆಗೆ ಎಲ್ಲರೂ "ಹೌದು" ಎನ್ನುತ್ತಾರೆ. ಅದರ ಬದಲು, "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಈ ಮಾತ್ರೆ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಒಮ್ಮೆ ಹೇಳಿ" ಎನ್ನಬೇಕು. ಹೀಗೆ ಕೇಳಿದಾಗ ಪರೀಕ್ಷೆಗೆ ನಿಲ್ಲುವವರು ನಾವು, ಅವರಲ್ಲ. ವೈದ್ಯರೂ ದಾದಿಯರೂ ಕಲಿಯುವ ಸಂವಹನದ ಪಾಠಗಳಲ್ಲಿ ಈ ವಿಧಾನಕ್ಕೆ ಮಹತ್ವದ ಸ್ಥಾನವಿದೆ. ಮನೆಯಲ್ಲಿಯೂ ಅದು ಅಷ್ಟೇ ಉಪಯುಕ್ತ.

ವೈದ್ಯರ ಕೋಣೆಯಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ವೈದ್ಯರು ರೋಗಿಯನ್ನು ಬಿಟ್ಟು ಮಗನನ್ನು ಕೇಳುತ್ತಾರೆ, ಮಗ ತಂದೆಯ ಪರವಾಗಿ ಎಲ್ಲವನ್ನೂ ಹೇಳುತ್ತಾನೆ. ನೋವು ಯಾರದೋ, ಮಾತು ಯಾರದೋ. ಜೊತೆಗೆ ಹೋದವರು ಮೊದಲೇ, "ಇವರಿಗೆ ಕಿವಿ ಸ್ವಲ್ಪ ಮಂದ, ದಯವಿಟ್ಟು ಇವರನ್ನೇ ನೋಡಿ ನಿಧಾನವಾಗಿ ಕೇಳಿ" ಎಂದು ತಿಳಿಸಬೇಕು. ಮುಖಗವಸು ತೊಟ್ಟ ವೈದ್ಯರಾದರೆ ಪ್ರಶ್ನೆಯನ್ನು ನಾವು ಮತ್ತೊಮ್ಮೆ ಹೇಳಬೇಕು. ಉತ್ತರವನ್ನು ಹಿರಿಯರೇ ಕೊಡಲಿ.

ಹಿರಿಯರ ಪಾಲು

ಮಾತು ಇಬ್ಬರ ಕಾಯಕ. ಕೇಳುವವರಿಗೂ ಅದರಲ್ಲಿ ಪಾಲುಂಟು. ಕಿವಿ ಮಂದವಾಗುತ್ತಿದೆ ಎಂದು ಹಿರಿಯರು ಬಾಯಿಬಿಟ್ಟು ಹೇಳಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ. ಬಚ್ಚಿಟ್ಟುಕೊಂಡರೆ ಜನ ಅಹಂಕಾರವೆಂದೋ ಅಲಕ್ಷ್ಯವೆಂದೋ ತಿಳಿಯುತ್ತಾರೆ. "ಆಂ?" ಎಂದಷ್ಟೇ ಅಂದರೆ ಎದುರಿನವರು ಇಡೀ ವಾಕ್ಯವನ್ನು ಕೂಗುತ್ತಾರೆ. ಅದರ ಬದಲು, "ನಾಳೆ ಹೋಗಬೇಕು ಎಂದದ್ದು ಕೇಳಿಸಿತು, ಎಲ್ಲಿಗೆ ಎಂದದ್ದು ಕೇಳಿಸಲಿಲ್ಲ" ಎಂದು ಬಿಟ್ಟುಹೋದ ಭಾಗವನ್ನು ಮಾತ್ರ ಕೇಳಬೇಕು. ತಿಳಿಯದೆ ತಲೆಯಾಡಿಸಬಾರದು. ಕೇಳಿಸದ ಭಯದಿಂದ ಮಾತೆಲ್ಲವನ್ನೂ ತಾವೇ ಆಡಿ ಎದುರಿನವರಿಗೆ ಅವಕಾಶ ಕೊಡದಿರುವುದೂ ಒಂದು ಅಭ್ಯಾಸವಾಗಿ ಬೆಳೆಯುತ್ತದೆ; ಅದನ್ನು ಗಮನಿಸಿಕೊಳ್ಳಬೇಕು.

ತಪಾಸಣೆ ಮತ್ತು ಶ್ರವಣಸಾಧನ

ಮಾತಿನ ಕೌಶಲ ಚಿಕಿತ್ಸೆಗೆ ಬದಲಿಯಲ್ಲ. ಟಿ.ವಿ.ಯ ದನಿ ದಿನೇ ದಿನೇ ಏರುತ್ತಿದ್ದರೆ, ಫೋನಿನ ಮಾತು ತಿಳಿಯದಿದ್ದರೆ, "ಎಲ್ಲರೂ ಗೊಣಗುತ್ತಾರೆ" ಎಂದು ಹಿರಿಯರು ದೂರುತ್ತಿದ್ದರೆ ಕಿವಿ, ಮೂಗು, ಗಂಟಲು ತಜ್ಞರಲ್ಲಿ ತೋರಿಸಬೇಕು. ಕೆಲವೊಮ್ಮೆ ಕಾರಣ ಗಟ್ಟಿಯಾದ ಗುಗ್ಗೆ ಮಾತ್ರ ಆಗಿರುತ್ತದೆ, ತೆಗೆಸಿದರೆ ಸರಿಹೋಗುತ್ತದೆ. ಅದಕ್ಕಾಗಿ ಬೆಂಕಿಕಡ್ಡಿ, ಪಿನ್ನು ಹಾಕುವುದಾಗಲಿ, ಕಾಯಿಸಿದ ಎಣ್ಣೆ ಸುರಿಯುವುದಾಗಲಿ ಕೂಡದು. ಒಂದೇ ಕಿವಿ ಮಂದವಾದರೆ, ಕಿವಿ ಸೋರುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ತಡಮಾಡಬಾರದು. ಕೇಳಿಸುತ್ತಿದ್ದ ಕಿವಿ ಥಟ್ಟನೆ, ಒಂದೆರಡು ದಿನಗಳಲ್ಲಿ ಕೇಳಿಸದಂತಾದರೆ ಅದು ತುರ್ತು ಸ್ಥಿತಿ. ಅದೇ ದಿನ ವೈದ್ಯರನ್ನು ಕಾಣಬೇಕು. ಬೇಗ ಚಿಕಿತ್ಸೆ ದೊರೆತರೆ ಶ್ರವಣಶಕ್ತಿ ಮರಳುವ ಸಾಧ್ಯತೆ ಹೆಚ್ಚು.

ಶ್ರವಣ ತಪಾಸಣೆ ನೋವಿಲ್ಲದ ಪರೀಕ್ಷೆ. ಬೇರೆಬೇರೆ ಸ್ವರಗಳಲ್ಲಿ ಎಷ್ಟು ಮೆಲ್ಲನೆಯ ಸದ್ದು ಕೇಳಿಸುತ್ತದೆಂದು ಅಳೆದು ನಕ್ಷೆ ಬರೆಯುತ್ತಾರೆ. ಈ ಕ್ಷೇತ್ರದಲ್ಲಿ ನಮ್ಮ ನಾಡಿಗೆ ಹೆಮ್ಮೆಯೂ ಉಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ತಪಾಸಣೆ, ಚಿಕಿತ್ಸೆ, ತಜ್ಞರ ತರಬೇತಿ ಎಲ್ಲವೂ ಅಲ್ಲಿ ನಡೆಯುತ್ತಿವೆ. ಕಡಿಮೆ ಆದಾಯದ ಹಿರಿಯ ನಾಗರಿಕರಿಗೆ ಶ್ರವಣಸಾಧನವೂ ಸೇರಿದಂತೆ ಸಹಾಯಕ ಉಪಕರಣಗಳನ್ನು ನೀಡುವ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ಜಾರಿಗೆ ತಂದಿತು. ಅರ್ಹರು ಜಿಲ್ಲಾ ಆಸ್ಪತ್ರೆಯಲ್ಲಿ ಹಾಗೂ ಹಿರಿಯ ನಾಗರಿಕರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಶ್ರವಣಸಾಧನವನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟವರು ನಮ್ಮಲ್ಲಿ ಬಹಳ. ಅದು ಕನ್ನಡಕದಂತೆ ಹಾಕಿದ ಕ್ಷಣವೇ ಒಗ್ಗುವ ವಸ್ತುವಲ್ಲ. ವರ್ಷಗಳ ಕಾಲ ಕೇಳದಿದ್ದ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ತಮ್ಮದೇ ದನಿ ಎಲ್ಲವೂ ಒಮ್ಮೆಲೇ ನುಗ್ಗಿಬರುತ್ತವೆ. ಮಿದುಳು ಅವನ್ನು ಮತ್ತೆ ಬೇರ್ಪಡಿಸಲು ಕಲಿಯಬೇಕಾದರೆ ಹಲವು ವಾರಗಳು ಬೇಕು. ಮೊದಲು ನಿಶ್ಶಬ್ದ ಕೋಣೆಯಲ್ಲಿ, ಒಬ್ಬರೊಡನೆ, ದಿನಕ್ಕೆ ಒಂದೆರಡು ಗಂಟೆ ಬಳಸಿ ಕ್ರಮೇಣ ಹೆಚ್ಚಿಸಬೇಕು. ತೊಂದರೆಯಾದರೆ ತಜ್ಞರ ಬಳಿ ಹೋಗಿ ಸರಿಹೊಂದಿಸಿಕೊಳ್ಳಬೇಕು. ಸಾಧನ ಹಾಕಿದ ಮೇಲೆಯೂ ಮೇಲೆ ಹೇಳಿದ ಏಳು ಎಚ್ಚರಗಳು ಬೇಕೇ ಬೇಕು. ಸಾಧನ ಸದ್ದನ್ನು ಹಿಗ್ಗಿಸಬಲ್ಲುದು. ಗೋಡೆಯಾಚೆಯ ಮಾತನ್ನು ಮುಖಾಮುಖಿಯ ಮಾತಾಗಿ ಮಾಡಲಾರದು.

ಮಾತಿನ ದಾಸೋಹ

ದಾಸೋಹವೆಂದರೆ ನಮಗೆ ಅನ್ನದ ನೆನಪಾಗುತ್ತದೆ. ಅನ್ನ ನೀಡುವವರು ಎಲೆಯ ಬಳಿ ಬಂದು, ಬಾಗಿ, ಉಣ್ಣುವವರಿಗೆ ಬೇಕಾದಷ್ಟು ನೋಡಿ ಬಡಿಸುತ್ತಾರೆ. ದೂರದಲ್ಲಿ ನಿಂತು ಎಲೆಯತ್ತ ಎಸೆಯುವುದಿಲ್ಲ. ಮಾತನ್ನೂ ಹಾಗೆ ಬಡಿಸಬೇಕು. ಹತ್ತಿರ ಹೋಗಿ, ಮುಖ ತೋರಿಸಿ, ಅವರಿಗೆ ದಕ್ಕುವ ಹದದಲ್ಲಿ. ಇಂದು ಮನೆಯಲ್ಲಿ ಮೌನವಾಗಿ ಕುಳಿತಿರುವ ಹಿರಿಯರೊಬ್ಬರಿದ್ದರೆ, ಈ ಸಂಜೆ ಟಿ.ವಿ. ಆರಿಸಿ, ಅವರ ಎದುರು ಕುಳಿತು, ಹತ್ತು ನಿಮಿಷ ಅವರಿಗೆ ಪ್ರಿಯವಾದ ವಿಷಯವನ್ನು ಕೇಳಿನೋಡಿ. ಅವರು ಬೇಕೆಂದು ಸುಮ್ಮನಿದ್ದರೋ, ಮಾತು ಮುಟ್ಟದೆ ಸುಮ್ಮನಾಗಿದ್ದರೋ ಆ ಹತ್ತು ನಿಮಿಷದಲ್ಲಿ ತಿಳಿದುಬಿಡುತ್ತದೆ.

ಮರುದಿನ ಅಡುಗೆಮನೆಯ ಸೊಸೆ ಒಲೆ ಸಣ್ಣದು ಮಾಡಿ, ಪಡಸಾಲೆಗೆ ಬಂದು, ಅತ್ತೆಯ ಎದುರು ಬಟ್ಟಲು ಹಿಡಿದು ಕೇಳಲಿ. ಅರ್ಧ ನಿಮಿಷದ ನಡಿಗೆ ಅಷ್ಟೇ. ಹಾಲು ಹಾಲಾಗಿಯೇ ಮುಟ್ಟುತ್ತದೆ, ಪ್ರೀತಿಯೂ ಮುಟ್ಟುತ್ತದೆ.